ಹಾಲಿನ ಲೆಕ್ಕದ ಹಾಗೆ ಅಭ್ಯಾಸದ ಲೆಕ್ಕ: ಹೊಸ ವರ್ಷಕ್ಕೆ ಒಂದು ಹಾಳೆ, ಮೂರು ಸಾಲು

ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ರೂಢಿ ಎಷ್ಟೋ ಮನೆಗಳಲ್ಲಿ ಇಂದಿಗೂ ಇದೆ. ಒಂದು ಲೀಟರ್ ಬಂದರೆ 1, ಅರ್ಧ ಬಂದರೆ ½, ಬಾರದಿದ್ದರೆ ಒಂದು ಇಂಟು ಮಾರ್ಕು. ಹಾಲು ಬಾರದ ದಿನ ಇಂಟು ಹಾಕಲು ಯಾರಿಗೂ ನಾಚಿಕೆ ಇರುವುದಿಲ್ಲ. ಎರಡು ದಿನ ಹಾಲು ತಪ್ಪಿತೆಂದು ಉಳಿದ ತಿಂಗಳ ಲೆಕ್ಕವನ್ನೇ ಕೈಬಿಡುವವರೂ ಇಲ್ಲ. ತಿಂಗಳ ಕೊನೆಗೆ ಕೂಡಿ ದುಡ್ಡು ಕೊಡಬೇಕಲ್ಲ, ಸುಳ್ಳು ಬರೆದರೆ ನಷ್ಟ ನಮಗೇ.

ಹೊಸ ವರ್ಷದ ಸಂಕಲ್ಪಗಳನ್ನು ಬರೆದಿಡುವಾಗ ನಮಗೆ ಬೇಕಿರುವುದು ಇದೇ ಮನಸ್ಸು. ಆದರೆ ಅಭ್ಯಾಸದ ಪಟ್ಟಿ ಹಿಡಿದ ಕೂಡಲೇ ಅದನ್ನು ಶಾಲೆಯ ಅಂಕಪಟ್ಟಿ ಎಂದುಕೊಳ್ಳುತ್ತೇವೆ. ಒಂದು ದಿನ ತಪ್ಪಿದರೆ ನಪಾಸು, ಎರಡು ದಿನ ತಪ್ಪಿದರೆ ಪುಸ್ತಕವೇ ಮೂಲೆಗೆ. ಈ ಮಾರ್ಗದರ್ಶಿಯಲ್ಲಿ ಹೇಳಿರುವ ಗೆರೆ, ಗುರುತು, ಅಕ್ಷರಗಳೆಲ್ಲ ತಪ್ಪಿದ ದಿನವನ್ನೂ ಹಾಲಿನ ಲೆಕ್ಕದಷ್ಟೇ ಸಹಜವಾಗಿ ಬರೆದು, ಅದರಿಂದ ಏನು ತಿಳಿಯಿತೆಂದು ನೋಡುವುದಕ್ಕಾಗಿ.

ಎಷ್ಟು ದಿನ ಬೇಕು?

21 ದಿನ ಮಾಡಿದರೆ ಯಾವುದೇ ಅಭ್ಯಾಸ ಕೂರುತ್ತದೆ ಎಂಬ ಮಾತನ್ನು ಮೊದಲು ಮನಸ್ಸಿನಿಂದ ತೆಗೆದುಬಿಡಿ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದದ್ದು, ಶಸ್ತ್ರಚಿಕಿತ್ಸೆಯಾದವರು ಬದಲಾದ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆಯೆಂದರೂ ಸುಮಾರು 21 ದಿನ ಹಿಡಿಯುತ್ತದೆ ಎಂದು. ‘ಕಡಿಮೆಯೆಂದರೂ’ ಎನ್ನುವುದು ಬಾಯಿಂದ ಬಾಯಿಗೆ ಹೋಗುತ್ತಾ ಕಳೆದುಹೋಯಿತು, ಮುಖದ ವಿಷಯ ನಡಿಗೆ, ಓದು, ಯೋಗಕ್ಕೆಲ್ಲ ಅಂಟಿಕೊಂಡಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ ಮಾಡಿದ ಅಧ್ಯಯನದಲ್ಲಿ, ಹೊಸ ಕೆಲಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಹಿಡಿದ ಮಧ್ಯಮ ಅವಧಿ 66 ದಿನ. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಹಬ್ಬಿತ್ತು (12 ವಾರ ಮೀರಿದ ದಿನಗಳು ಲೆಕ್ಕಾಚಾರದ ಅಂದಾಜು). ಒಂದು ಲೋಟ ನೀರು ಕುಡಿಯುವಂಥ ಸುಲಭದ ಕೆಲಸ ಬೇಗ ಕೂಡಿಬರುತ್ತದೆ, ವ್ಯಾಯಾಮ ತಡವಾಗಿ. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳುವಂಥ ಹಾನಿ ಆಗಲಿಲ್ಲ ಎಂಬುದೂ ಅಲ್ಲಿ ಕಂಡುಬಂತು.

ಜನವರಿ 1ರಂದು ಶುರುಮಾಡಿದರೆ 66ನೇ ದಿನ ಮಾರ್ಚ್ 7, ಅಧಿಕ ವರ್ಷವಾದರೆ ಮಾರ್ಚ್ 6. ಅಂದರೆ ಯುಗಾದಿ ಹತ್ತಿರವಾಗುವ ಹೊತ್ತು. ಆದ್ದರಿಂದ ಇಡೀ ವರ್ಷದ ಯೋಜನೆ ಬೇಡ. ಇಂಗ್ಲಿಷ್ ಹೊಸ ವರ್ಷದಿಂದ ನಮ್ಮ ಹೊಸ ವರ್ಷದವರೆಗೆ ಲೆಕ್ಕ ಇಡಿ, ತಿಂಗಳಿಗೊಂದರಂತೆ ಮೂರು ಹಾಳೆ ಸಾಕು, ಯುಗಾದಿ ಏಪ್ರಿಲ್‌ಗೆ ಬಿದ್ದರೆ ನಾಲ್ಕು.

ಹಾಳೆ ತಯಾರಿಸುವುದು

ಬೇಕಾದದ್ದು: ಎ4 ಹಾಳೆ ಮೂರು ಅಥವಾ ನಾಲ್ಕು, ಅಡಿಪಟ್ಟಿ, ಪೆನ್ನು, ಪೆನ್ನು ಕಟ್ಟಲು ಒಂದು ಮೊಳ ದಾರ. ಹಾಳೆಯ ಹಿಂದೆ ಹಳೆಯ ರಟ್ಟು ಅಂಟಿಸಿದರೆ ಗೋಡೆಯ ಮೇಲೆ ಬರೆಯುವಾಗ ಹರಿಯುವುದಿಲ್ಲ.

ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಳ್ಳಿ. ಅಗಲ 297 ಮಿಲಿಮೀಟರ್. ಎಡಗಡೆಯಿಂದ 5 ಮಿ.ಮೀ. ಅಂಚು ಬಿಟ್ಟು, ಅಭ್ಯಾಸದ ಹೆಸರು ಬರೆಯಲು 39 ಮಿ.ಮೀ. ಕೊಟ್ಟು, 44ನೇ ಮಿ.ಮೀ.ನಲ್ಲಿ ಮೊದಲ ಲಂಬಗೆರೆ ಎಳೆಯಿರಿ. ಅಲ್ಲಿಂದ 8 ಮಿ.ಮೀ.ಗೆ ಒಂದರಂತೆ 31 ಅಂಕಣ ಎಳೆದರೆ 248 ಮಿ.ಮೀ. ಆಗುತ್ತದೆ, ಬಲಗಡೆ ಸರಿಯಾಗಿ 5 ಮಿ.ಮೀ. ಉಳಿಯುತ್ತದೆ. ಸಾಲುಗಳ ಎತ್ತರ ಒಂದೊಂದು ಸೆಂಟಿಮೀಟರ್. ಪ್ರತಿ ಭಾನುವಾರದ ನಂತರದ ಗೆರೆಯನ್ನು ದಪ್ಪ ಮಾಡಿ, ವಾರಗಳು ಕಣ್ಣಿಗೆ ಬೇರೆಬೇರೆಯಾಗಿ ಕಾಣಬೇಕು.

ಅಭ್ಯಾಸಕ್ಕೆ ಮೂರೇ ಸಾಲು. ಕೆಳಗೆ ನಾಲ್ಕನೆಯದಾಗಿ, ಅರ್ಧ ಸೆಂಟಿಮೀಟರಿನ ಸಣ್ಣ ಸಾಲೊಂದನ್ನು ಎಳೆದು ‘ಮಲಗಿದ ಗಂಟೆ’ ಎಂದು ಬರೆಯಿರಿ. ಇದು ಅಭ್ಯಾಸವಲ್ಲ, ಬರಿಯ ಮಾಹಿತಿ. 10, 11, 12 ಹೀಗೆ ಒಂದು ಸಂಖ್ಯೆ ಬರೆದರಾಯಿತು. ಬೆಳಗಿನ ಎಷ್ಟೋ ಸೋಲುಗಳ ಬೇರು ಹಿಂದಿನ ರಾತ್ರಿಯಲ್ಲಿರುತ್ತದೆ, ಈ ಸಾಲಿಲ್ಲದೆ ಅದು ಕಣ್ಣಿಗೆ ಬೀಳುವುದೇ ಇಲ್ಲ.

ಗೆರೆ ಎಳೆಯುವಷ್ಟು ವ್ಯವಧಾನ ಇಲ್ಲದವರು ದೊಡ್ಡ ಚೌಕಗಳ ಗೋಡೆ ಕ್ಯಾಲೆಂಡರನ್ನೇ ಬಳಸಬಹುದು. ತಿಥಿ, ರಾಹುಕಾಲ, ಹಾಲಿನ ಲೆಕ್ಕ ಎಲ್ಲ ಇರುವ ಚೌಕದಲ್ಲಿ ಒಂದು ಅಭ್ಯಾಸಕ್ಕೆ ಮಾತ್ರ ಜಾಗ, ಅಷ್ಟೇ.

ಹತ್ತು ಸಾಲು ಬರೆದರೇನಾಗುತ್ತದೆ? ಮೊದಲ ನಾಲ್ಕೈದು ದಿನ ಹತ್ತೂ ನಡೆಯುತ್ತವೆ. ಆಮೇಲೆ ಒಂದೊಂದಾಗಿ ಬಿಟ್ಟುಹೋಗಿ, ಹಾಳೆ ಖಾಲಿ ಚೌಕಗಳಿಂದ ತುಂಬುತ್ತದೆ. ಖಾಲಿ ಹಾಳೆಯನ್ನು ದಿನಾ ನೋಡಲು ಯಾರಿಗೂ ಮನಸ್ಸಾಗದು. ನೋಡುವುದು ನಿಂತರೆ ಬರೆಯುವುದೂ ನಿಲ್ಲುತ್ತದೆ. ಚೆನ್ನಾಗಿ ನಡೆಯುತ್ತಿದ್ದ ಎರಡು ಅಭ್ಯಾಸಗಳೂ ಉಳಿದ ಎಂಟರ ಜೊತೆಗೆ ಮುಳುಗುತ್ತವೆ.

ಮೊದಲ ಏಳು ದಿನ ಏನನ್ನೂ ಬದಲಿಸಬೇಡಿ

ಡಿಸೆಂಬರ್ 25ರಿಂದ 31ರವರೆಗೆ ಈಗ ಹೇಗಿದೆಯೋ ಹಾಗೆ ಬರೆಯಿರಿ. ಎಷ್ಟು ನಿಮಿಷ ನಡೆದಿರಿ, ಎಷ್ಟು ಗಂಟೆಗೆ ಮಲಗಿದಿರಿ, ಎಷ್ಟು ಲೋಟ ಕಾಫಿ. ತಡವಾಯಿತೇ? ಜನವರಿ ಮೊದಲ ವಾರವನ್ನೇ ಇದಕ್ಕೆ ಕೊಡಿ, ಏನೂ ಮುಳುಗುವುದಿಲ್ಲ. ದಿನಕ್ಕೆ ಸರಾಸರಿ 3 ನಿಮಿಷ ನಡೆಯುತ್ತಿದ್ದೇನೆ ಎಂದು ಗೊತ್ತಾದವರು 45 ನಿಮಿಷದ ಗುರಿ ಇಟ್ಟುಕೊಳ್ಳುವ ಮೊದಲು ಒಮ್ಮೆ ಯೋಚಿಸುತ್ತಾರೆ. ಬರೆಯತೊಡಗಿದ ಮಾತ್ರಕ್ಕೇ ನಡವಳಿಕೆ ಸ್ವಲ್ಪ ಸುಧಾರಿಸುತ್ತದೆ ಎಂಬುದನ್ನೂ ನೆನಪಿಡಿ. ಈ ವಾರದ ಅಂಕಿ ನಿಜಕ್ಕಿಂತ ತುಸು ಚೆನ್ನಾಗಿಯೇ ಕಾಣುತ್ತದೆ.

ಸಾಲಿನಲ್ಲಿ ಏನು ಬರೆಯಬೇಕು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ. ‘ಆರೋಗ್ಯ ನೋಡಿಕೊಳ್ಳುವುದು’, ‘ಹೆಚ್ಚು ಓದುವುದು’ ಎಂದು ಬರೆದ ಸಾಲಿಗೆ ರಾತ್ರಿ ಗುರುತು ಹಾಕಲು ಹೋದಾಗ ನಿಮ್ಮೊಂದಿಗೆ ನೀವೇ ವಾದಕ್ಕಿಳಿಯಬೇಕಾಗುತ್ತದೆ. ದಿನಪತ್ರಿಕೆ ಓದಿದ್ದು ಓದು ಹೌದೋ ಅಲ್ಲವೋ? ಅಂಗಡಿಗೆ ಹೋಗಿಬಂದದ್ದು ನಡಿಗೆಯೋ? ಮನೆಯ ಬೇರೊಬ್ಬರು ನೋಡಿ ‘ಆಯಿತು’ ಅಥವಾ ‘ಆಗಲಿಲ್ಲ’ ಎಂದು ಹೇಳುವಷ್ಟು ಸ್ಪಷ್ಟವಾಗಿರಬೇಕು.

ಪ್ರತಿ ಸಾಲಿಗೂ ನಾಲ್ಕು ವಿಷಯ ಗೊತ್ತುಮಾಡಿ: ಯಾವುದು ಮುಗಿದ ಕೂಡಲೇ, ಎಲ್ಲಿ, ಎಷ್ಟು, ಕನಿಷ್ಠ ಎಷ್ಟು. ಮೂರು ಉದಾಹರಣೆ:

1. ಬೆಳಗಿನ ಕಾಫಿ ಕುಡಿದು ಲೋಟ ಸಿಂಕಿಗೆ ಇಟ್ಟ ಕೂಡಲೇ, ಮನೆಯ ಸುತ್ತಿನ ರಸ್ತೆಯಲ್ಲಿ, 10 ನಿಮಿಷ ನಡಿಗೆ. ಕನಿಷ್ಠ: ರಸ್ತೆಯ ಕೊನೆಯವರೆಗೆ ಹೋಗಿ ಬರುವುದು.
2. ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಕೂಡಲೇ, ಊಟದ ಮೇಜಿನಲ್ಲೇ ಕೂತು, ಆ ದಿನದ ಖರ್ಚನ್ನು ಬಾಬ್ತುವಾರು ಬರೆಯುವುದು. ಕನಿಷ್ಠ: ಒಟ್ಟು ಮೊತ್ತ, ಒಂದೇ ಸಂಖ್ಯೆ. ಫೋನ್‌ಪೇ, ಗೂಗಲ್ ಪೇಗಳಲ್ಲಿ ಹೋದ ಹಣ ಕೈಯಿಂದ ಹೋದಂತೆ ಅನಿಸುವುದಿಲ್ಲವಾದ್ದರಿಂದ ಆ್ಯಪ್‌ನ ಪಾವತಿ ಪಟ್ಟಿ ತೆರೆದಿಟ್ಟುಕೊಂಡೇ ಬರೆಯಬೇಕು.
3. ಹಾಸಿಗೆ ಹಾಸಿದ ಕೂಡಲೇ, ಫೋನನ್ನು ಹಾಲ್‌ನಲ್ಲಿ ಚಾರ್ಜಿಗೆ ಹಾಕಿ ಬಂದು, ಪುಸ್ತಕದ 4 ಪುಟ. ಕನಿಷ್ಠ: 1 ಪುಟ. ಫೋನನ್ನೇ ಅಲಾರಂ ಆಗಿ ಬಳಸುವವರು ಮೊದಲು ಒಂದು ಅಲಾರಂ ಗಡಿಯಾರ ಕೊಳ್ಳಬೇಕು, ಇಲ್ಲದಿದ್ದರೆ ಮೂರನೇ ರಾತ್ರಿಗೆ ಫೋನು ದಿಂಬಿನ ಪಕ್ಕ ವಾಪಸು ಬಂದಿರುತ್ತದೆ.

ಇಲ್ಲಿ ಲೋಟ, ತಟ್ಟೆ, ಹಾಸಿಗೆ ಬಂದದ್ದಕ್ಕೆ ಕಾರಣವಿದೆ. ಹೊಸ ಕೆಲಸವನ್ನು ಕಟ್ಟಿಹಾಕಲು ದಿನವೂ ತಪ್ಪದೆ ನಡೆಯುವ, ಮುಗಿದದ್ದು ಕಣ್ಣಿಗೆ ಕಾಣುವ ಗೂಟ ಬೇಕು. ‘ಎದ್ದ ಮೇಲೆ’ ಎಂಬುದು ತೀರ ಸಡಿಲ, ಎದ್ದ ಮೇಲೆ ಹತ್ತು ಕೆಲಸಗಳಿರುತ್ತವೆ. ‘ಸಮಯ ಸಿಕ್ಕಾಗ’ ಎಂಬ ಗೂಟವಂತೂ ನೆಲದಲ್ಲಿ ಇಲ್ಲವೇ ಇಲ್ಲ. ‘ಬೆಳಿಗ್ಗೆ 6ಕ್ಕೆ’ ಎಂಬುದು ಕೆಲವರಿಗೆ ಸರಿ, ಆದರೆ ಶಿಫ್ಟ್ ಕೆಲಸದವರಿಗೆ, ಮಗುವಿರುವ ಮನೆಗೆ ಒಗ್ಗದು. ಶಿಫ್ಟಿನವರು ಊಟ, ಸ್ನಾನ, ಸಮವಸ್ತ್ರ ಕಳಚುವುದು ಇಂಥವುಗಳಿಗೆ ಕಟ್ಟಿಕೊಳ್ಳಲಿ, ಅವರ ಹಾಳೆಯಲ್ಲಿ ದಿನ ಶುರುವಾಗುವುದು ಎದ್ದಾಗ, ಮಧ್ಯರಾತ್ರಿಯಲ್ಲಲ್ಲ. ಹಸು ಕಟ್ಟಿದವರಿಗೆ ಹಾಲು ಕರೆದು ಮುಗಿಸುವುದಕ್ಕಿಂತ ಗಟ್ಟಿ ಗೂಟ ಬೇರೆ ಸಿಗದು.

ಕನಿಷ್ಠವನ್ನು ಜ್ವರ ಬಿಟ್ಟ ಮರುದಿನವೂ ಮಾಡಬಹುದಾದಷ್ಟು ಚಿಕ್ಕದಾಗಿಡಿ. ಎರಡು ನಿಮಿಷಕ್ಕೆ ಮುಗಿದರೆ ಒಳ್ಳೆಯದು. ಇಷ್ಟರಿಂದ ಏನು ಪ್ರಯೋಜನ ಎಂಬ ಪ್ರಶ್ನೆ ಸಹಜ. ಆ ದಿನ ದೇಹಕ್ಕೆ ಆಗುವ ಲಾಭ ಕಡಿಮೆಯೇ. ಆದರೆ ಲೋಟ ಇಟ್ಟ ಕೂಡಲೇ ಚಪ್ಪಲಿ ಮೆಟ್ಟುವ ನಂಟು ಕಡಿಯದೆ ಉಳಿಯುತ್ತದೆ, ಅಭ್ಯಾಸ ಅಂದರೆ ಆ ನಂಟೇ.

ಮೂರನ್ನೂ ಬೆಳಗಿಗೇ ತುರುಕಬೇಡಿ. ಡಬ್ಬಿ ಕಟ್ಟಿ, ಮಕ್ಕಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸುವವರಿಗೆ ಬೆಳಗಿನ ಹೊತ್ತು ತಮ್ಮದಾಗಿರುವುದೇ ಇಲ್ಲ. ವ್ಯಾನು ಹೊರಟ ಮೇಲಿನ ಕಾಲು ಗಂಟೆ ಅವರಿಗೆ ನಸುಕಿನ ಐದು ಗಂಟೆಗಿಂತ ಎಷ್ಟೋ ಮೇಲು.

ಗುರುತುಗಳು

ಪೂರ್ತಿ ಆದರೆ ರೈಟ್ ಮಾರ್ಕು. ಕನಿಷ್ಠ ಮಾತ್ರ ಆದರೆ ½. ಮೊದಲೇ ಗೊತ್ತುಮಾಡಿದ ರಜೆಯಾದರೆ ಅಡ್ಡಗೆರೆ. ತಪ್ಪಿದರೆ ಚೌಕ ಖಾಲಿ ಬಿಡದೆ ಕಾರಣದ ಅಕ್ಷರ:

ತ – ತಡವಾಗಿ ಎದ್ದದ್ದು
ಮ – ಮರೆವು
ಪ್ರ – ಪ್ರಯಾಣ
ನೆ – ನೆಂಟರು, ಹಬ್ಬ, ಸಮಾರಂಭ
ಅ – ಅನಾರೋಗ್ಯ
ಕೆ – ಕಚೇರಿ ಅಥವಾ ಮನೆಯ ತುರ್ತು ಕೆಲಸ
ನೀ – ನಲ್ಲಿ ನೀರು ಬಿಟ್ಟ ದಿನ
ಬೇ – ಬೇಡ ಅನಿಸಿತು

ಕೊನೆಯ ಅಕ್ಷರವನ್ನು ಬರೆಯಲು ತುಸು ಧೈರ್ಯ ಬೇಕು. ಬೇಡ ಅನಿಸಿದ್ದಕ್ಕೆ ‘ಕೆ’ ಎಂದು ಬರೆದುಕೊಂಡರೆ ಪರಿಹಾರವೂ ತಪ್ಪು ದಾರಿ ಹಿಡಿಯುತ್ತದೆ. ಇಲ್ಲದ ಕೆಲಸದ ಒತ್ತಡಕ್ಕೆ ವೇಳಾಪಟ್ಟಿ ಬದಲಿಸುತ್ತಾ ಕೂರುತ್ತೀರಿ, ಅಭ್ಯಾಸವೇ ಇಷ್ಟವಿಲ್ಲ ಎಂಬುದು ಮುಚ್ಚಿಯೇ ಇರುತ್ತದೆ.

ಅಡ್ಡಗೆರೆಯ ರಜೆಗೆ ಒಂದೇ ಷರತ್ತು: ಹಿಂದಿನ ದಿನವೇ ಎಳೆದಿರಬೇಕು. ಆದ ಮೇಲೆ ಎಳೆದರೆ ಅದು ನೆಪ. ಸಂಕ್ರಾಂತಿಗೆ ಊರಿಗೆ ಹೊರಡುವವರು ಜನವರಿ 13ರ ರಾತ್ರಿಯೇ ಎರಡು ದಿನದ ಗೆರೆ ಎಳೆದಿಡಲಿ. ಎರಡು ವಾರ ಚೆನ್ನಾಗಿ ನಡೆದ ಸಂಕಲ್ಪಗಳು ಎಳ್ಳುಬೆಲ್ಲದ ಓಡಾಟದಲ್ಲಿ ಬಿಟ್ಟುಹೋಗಿ ಮತ್ತೆ ಹಿಡಿತಕ್ಕೆ ಸಿಗದೆ ಹೋಗುವುದು ಹೆಚ್ಚು. ಗೆರೆಯ ಜೊತೆಗೆ ವಾಪಸು ಬರುವ ದಿನದ ಚೌಕಕ್ಕೆ ಒಂದು ಸುತ್ತು ಹಾಕಿಡಿ, ಆ ದಿನ ಕನಿಷ್ಠ ಮಾಡಿದರೂ ಸಾಕು.

ಯಾವಾಗ, ಎಲ್ಲಿ ಬರೆಯಬೇಕು

ಹಾಳೆ ಬೀರುವಿನ ಒಳಗಿದ್ದರೆ ಸತ್ತಂತೆ. ಗೂಟವಾಗಿ ಹಿಡಿದ ಜಾಗದಿಂದ ಕೈಯಳತೆಯಲ್ಲಿ, ಅಂದರೆ ಸಿಂಕಿನ ಮೇಲ್ಗೋಡೆ, ಫ್ರಿಜ್ ಪಕ್ಕ, ಹಾಲ್‌ನ ಸ್ವಿಚ್ ಬೋರ್ಡಿನ ಕೆಳಗೆ, ಪೆನ್ನು ದಾರದಿಂದ ಕಟ್ಟಿ ತೂಗಲಿ. ಒಲೆಯ ಹತ್ತಿರ ಬೇಡ, ಒಗ್ಗರಣೆ ಸಿಡಿದು ತಿಂಗಳೊಳಗೆ ಹಾಳೆ ಎಣ್ಣೆಗಟ್ಟುತ್ತದೆ.

ಕೆಲಸ ಮುಗಿದ ಕೂಡಲೇ ಗುರುತು ಹಾಕಿ. ಮರೆತರೆ ರಾತ್ರಿ ಮಲಗುವ ಮುಂಚೆ ಎರಡನೇ ಅವಕಾಶ. ಅದೂ ತಪ್ಪಿದರೆ ಮರುದಿನ ಮಧ್ಯಾಹ್ನದವರೆಗೆ. ಆಮೇಲೆ ಆ ಚೌಕಕ್ಕೆ ‘ಗೊತ್ತಿಲ್ಲ’ ಎಂದು ಪ್ರಶ್ನೆಚಿಹ್ನೆ ಹಾಕಿ ಮುಂದುವರಿಯಿರಿ. ಭಾನುವಾರ ಕೂತು ಏಳು ದಿನದ್ದನ್ನು ಒಟ್ಟಿಗೆ ತುಂಬಿದರೆ, ನೆನಪು ನಮಗೆ ಬೇಕಾದ ಹಾಗೆ ಸಾಕ್ಷಿ ಹೇಳುತ್ತದೆ.

ಬಿಡಬೇಕಾದ ಚಟಗಳಿಗೆ ಈ ಕ್ರಮ ತಿರುಗುಮುರುಗು. ಸಿಗರೇಟು, ಸಂಜೆಯ ಕುರುಕಲು, ಐದನೇ ಕಾಫಿ ಇಂಥವನ್ನು ಮಾಡುವ ಮೊದಲು ಬರೆಯಬೇಕು. ಪ್ಯಾಕೆಟ್ ತೆರೆಯುವ ಮುನ್ನ ಪೆನ್ನು ಹಿಡಿದು ಚೌಕದಲ್ಲಿ ಒಂದು ಕಡ್ಡಿಗೆರೆ. ಕೈ ತಾನಾಗಿ ಹೋಗುವುದಕ್ಕೂ ಬಾಯಿಗೆ ಬೀಳುವುದಕ್ಕೂ ನಡುವೆ ಹತ್ತು ಸೆಕೆಂಡಿನ ತಡೆ ಹುಟ್ಟುತ್ತದೆ. ಅಲ್ಲದೆ ‘ಇವತ್ತು ಸೇದಲಿಲ್ಲ’ ಎಂಬ ಹೌದು-ಇಲ್ಲದ ಗುರುತಿಗಿಂತ ಸಂಖ್ಯೆ ಉಪಯುಕ್ತ, 9 ಇದ್ದದ್ದು 6ಕ್ಕೆ ಇಳಿದರೆ ಅದು ಕಾಣುತ್ತದೆ.

ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳಿಗೂ ಒಂದು ಸಾಲು ಇಡುವುದು ಒಳ್ಳೆಯದು, ಆದರೆ ಅಲ್ಲಿ ½ ಇಲ್ಲ. ನುಂಗಿದ ತಕ್ಷಣ ಗುರುತು ಹಾಕಬೇಕು, ಇಲ್ಲವಾದರೆ ‘ತಗೊಂಡೆನೋ ಇಲ್ಲವೋ’ ಎಂಬ ಅನುಮಾನದಲ್ಲಿ ಎರಡು ಸಲ ನುಂಗುವ ಅಪಾಯವಿದೆ. ತಪ್ಪಿದ ಮಾತ್ರೆಯನ್ನು ಸರಿದೂಗಿಸಲು ಮರುದಿನ ಎರಡು ತೆಗೆದುಕೊಳ್ಳಬಾರದು, ಏನು ಮಾಡಬೇಕೆಂದು ವೈದ್ಯರನ್ನೇ ಕೇಳಿ.

ಭಾನುವಾರದ ಹತ್ತು ನಿಮಿಷ

ವಾರಕ್ಕೊಮ್ಮೆ ಹಾಳೆ ಓದದಿದ್ದರೆ ಬರೆದದ್ದೆಲ್ಲ ವ್ಯರ್ಥ. ರೈಟ್ ಮತ್ತು ½ ಎರಡನ್ನೂ ಸೇರಿಸಿ ಎಣಿಸಿ.

ವಾರದಲ್ಲಿ 6 ಅಥವಾ 7 ಬಂದರೆ ಹಾಗೆಯೇ ಮುಂದುವರಿಸಿ. ಸತತ ಎರಡು ವಾರ ಹೀಗೆ ಬಂದು, ½ಗಳು ಕಡಿಮೆ ಇದ್ದರೆ ಮಾತ್ರ ಪ್ರಮಾಣ ಏರಿಸಿ, 10 ನಿಮಿಷ ಇದ್ದದ್ದನ್ನು 15ಕ್ಕೆ. 4 ಅಥವಾ 5 ಬಂದರೆ ಪ್ರಮಾಣ ಮುಟ್ಟಬೇಡಿ, ಗೂಟ ಅಥವಾ ಜಾಗ, ಎರಡರಲ್ಲಿ ಒಂದನ್ನು ಬದಲಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣ ಕಂಡಿತೆಂದು ತಿಳಿಯದು. 3 ಅಥವಾ ಅದಕ್ಕಿಂತ ಕಡಿಮೆ ಬಂದರೆ ಪ್ರಮಾಣವನ್ನು ಅರ್ಧಕ್ಕಿಳಿಸಿ. ಮತ್ತೊಂದು ವಾರವೂ ಹಾಗೇ ಆದರೆ ಆ ಸಾಲಿಗೆ ಗೆರೆ ಎಳೆದು ನಿಲ್ಲಿಸಿ, ಮುಂದೆ ಬೇರೆ ಯಾವುದಾದರೂ ತಿಂಗಳಲ್ಲಿ ನೋಡೋಣ.

ವಯಸ್ಕರಿಗೆ ವಾರಕ್ಕೆ ಕಡಿಮೆಯೆಂದರೂ 150 ನಿಮಿಷದ ಮಧ್ಯಮ ವೇಗದ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ 22 ನಿಮಿಷವಾದರೆ ವಾರಕ್ಕೆ 154. ಎರಡು ವಾರಕ್ಕೊಮ್ಮೆ 10, 15, 20, 25 ಎಂದು ಏರಿಸುತ್ತಾ ಹೋದರೂ ಏಳನೇ ವಾರಕ್ಕೆ ಅಲ್ಲಿಗೆ ಮುಟ್ಟುತ್ತೀರಿ. ಮೊದಲ ದಿನವೇ 10,000 ಹೆಜ್ಜೆಯ ಹಟ ಬೇಡ. ಆ ಸಂಖ್ಯೆ ಬಂದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಿಟ್ಟ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ, ‘ಮಾನ್ಪೊ-ಕೆಯ್’ ಎಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ.

ಇನ್ನು ಅಕ್ಷರಗಳನ್ನು ಓದುವ ಬಗೆ. ಜನವರಿಯ ನಡಿಗೆ ಸಾಲಿನಲ್ಲಿ 17 ರೈಟ್, 6 ಅರ್ಧ, 8 ತಪ್ಪಿದ್ದು ಇದೆ ಎಂದುಕೊಳ್ಳಿ. 31ರಲ್ಲಿ 23, ನೂರಕ್ಕೆ 74. ಬರಿ ಅಂಕಿ ನೋಡಿದರೆ ‘ಇನ್ನೂ ಮನಸ್ಸು ಗಟ್ಟಿ ಮಾಡಬೇಕು’ ಎನಿಸುತ್ತದೆ. ತಪ್ಪಿದ 8ರಲ್ಲಿ 4 ‘ತ’, 2 ‘ನೀ’, 2 ‘ಪ್ರ’. ಕೆಳಗಿನ ಸಾಲು ನೋಡಿದರೆ ಆ ನಾಲ್ಕೂ ‘ತ’ಗಳ ಹಿಂದಿನ ರಾತ್ರಿ ಮಲಗಿದ್ದು 12ಕ್ಕೆ. ಹಾಗಾದರೆ ಬೆಳಗಿನ ಅಲಾರಂ ಬದಲಿಸಿ ಉಪಯೋಗವಿಲ್ಲ, ಮದ್ದು ಬೇಕಿರುವುದು ರಾತ್ರಿಗೆ. ಬೆಳಿಗ್ಗೆ ನೀರು ಬಿಟ್ಟ ದಿನ ಆ ಹೊತ್ತು ಡ್ರಮ್ಮು, ಸಂಪು ತುಂಬಿಸುವುದಕ್ಕೇ ಹೋಗುತ್ತದೆ, ಆ ದಿನಗಳಿಗೆ ಸಂಜೆಯ ಚಹಾ ಆದ ಮೇಲೆ ಎಂದು ಗೂಟ ಬದಲಿಸಿದರೆ ಮುಗಿಯಿತು. ಪ್ರಯಾಣದ ಎರಡು ದಿನ ಮೊದಲೇ ಗೊತ್ತಿದ್ದವು, ರಜೆಯ ಗೆರೆ ಎಳೆಯಬಹುದಿತ್ತು. ಎಂಟು ತಪ್ಪುಗಳಲ್ಲಿ ಒಂದಕ್ಕೂ ಮನಸ್ಸಿನ ಗಟ್ಟಿತನ ಕಾರಣವಾಗಿರಲಿಲ್ಲ.

‘ಮ’ ಹೆಚ್ಚಿದ್ದರೆ ಗೂಟ ಸಡಿಲ ಅಥವಾ ಹಾಳೆ ಕಣ್ಣಿಗೆ ಬೀಳುತ್ತಿಲ್ಲ. ‘ಬೇ’ ಹೆಚ್ಚಿದ್ದರೆ ಪ್ರಮಾಣ ದೊಡ್ಡದಿದೆ, ಇಲ್ಲವೇ ಆ ಆಸೆ ನಿಮ್ಮದಲ್ಲ, ಬೇರೆ ಯಾರದೋ. ½ಗಳೇ ತುಂಬಿದ್ದರೆ ಗಾಬರಿ ಬೇಡ, ಅಭ್ಯಾಸ ಕೂರುತ್ತಿದೆ, ಪೂರ್ತಿ ಪ್ರಮಾಣವನ್ನು ಸ್ವಲ್ಪ ಇಳಿಸಿ.

ಸರಪಳಿ ತುಂಡಾದಾಗ

ಸತತ 30 ದಿನ ರೈಟ್ ಬಿದ್ದ ಸಾಲು ನೋಡಲು ಚೆಂದ. ಅದೇ ಅಪಾಯವೂ ಹೌದು. 31ನೇ ದಿನ ತಪ್ಪಿದಾಗ ಎಲ್ಲ ಹೋಯಿತೆಂಬ ಭಾವ ಬರುತ್ತದೆ, ಇಲ್ಲವೇ ಸರಪಳಿ ಉಳಿಸಲು ಕೈ ಸುಳ್ಳು ಗುರುತು ಹಾಕುತ್ತದೆ. ಆದ್ದರಿಂದ ಸತತ ದಿನಗಳನ್ನು ಎಣಿಸಲೇಬೇಡಿ, ತಿಂಗಳಲ್ಲಿ ಒಟ್ಟು ಎಷ್ಟು ಎಂದಷ್ಟೇ ಎಣಿಸಿ. ಒಂದು ದಿನ ತಪ್ಪಿದರೆ ಮರುದಿನ ಪೂರ್ತಿ ಮಾಡುವ ಶಪಥ ಬೇಡ, ಕನಿಷ್ಠವನ್ನು ಮಾತ್ರ ಮಾಡಿ. ನಿನ್ನೆಯದನ್ನೂ ಸೇರಿಸಿ ಇಮ್ಮಡಿ ಮಾಡಹೊರಟವರು ಮೂರನೇ ದಿನ ಮೈಕೈ ನೋವಿನಿಂದ ಏಳುವುದಿಲ್ಲ. ಮೂರು ದಿನ ಸತತ ತಪ್ಪಿದ್ದರೆ ಭಾನುವಾರಕ್ಕೆ ಕಾಯದೆ ಅಂದೇ ಅಕ್ಷರಗಳನ್ನು ನೋಡಿ ಗೂಟ ಬದಲಿಸಿ.

ಫೋನಿನಲ್ಲೇ ಲೆಕ್ಕ ಇಡುವವರೂ ಈ ದೃಷ್ಟಿಯಿಂದ ಆ್ಯಪ್ ಆರಿಸಿಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ಉಚಿತವಾಗಿ ಸಿಗುವ, ಜಾಹೀರಾತಿಲ್ಲದ ಲೂಪ್ ಹ್ಯಾಬಿಟ್ ಟ್ರ್ಯಾಕರ್, ಒಂದು ದಿನ ತಪ್ಪಿದರೆ ಅಭ್ಯಾಸದ ಬಲದ ಅಂಕವನ್ನು ಸ್ವಲ್ಪ ಇಳಿಸುತ್ತದೆಯೇ ಹೊರತು ಸೊನ್ನೆಗೆ ತಳ್ಳುವುದಿಲ್ಲ. ಫೋನು ಕಡಿಮೆ ಮಾಡುವುದೇ ನಿಮ್ಮ ಗುರಿಯಾಗಿದ್ದರೆ ಮಾತ್ರ ಕಾಗದವೇ ಸರಿ, ಗುರುತು ಹಾಕಲು ತೆರೆದ ಫೋನು ಅರ್ಧ ಗಂಟೆ ಕೆಳಗಿಳಿಯದು.

ಮನೆಮಂದಿಯೆಲ್ಲ ಮಾಡುವುದಾದರೆ ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಅಣ್ಣನ ಸಾಲಿನ ಕೆಳಗೆ ತಂಗಿಯ ಸಾಲು ಬಂದರೆ ಅದು ಹೋಲಿಕೆಯ ಪಟ್ಟಿಯಾಗುತ್ತದೆ. ಊಟದ ಬಗ್ಗೆ ಅತಿಯಾಗಿ ಆತಂಕ ಪಡುವವರು ತೂಕ, ಕ್ಯಾಲೊರಿ ಎಣಿಸುವ ಸಾಲು ಇಡದಿರುವುದೇ ಕ್ಷೇಮ.

ಸಾಲನ್ನು ಯಾವಾಗ ಅಳಿಸಬೇಕು

ಪ್ರತಿ ಭಾನುವಾರ ಎಣಿಕೆ ಮುಗಿದ ಮೇಲೆ ಪ್ರತಿ ಸಾಲಿನ ಅಂಚಿನಲ್ಲಿ 1ರಿಂದ 5ರೊಳಗೆ ಒಂದು ಸಂಖ್ಯೆ ಬರೆಯಿರಿ. ದಿನವೂ ನೆನಪಿಸಿಕೊಂಡು, ಮನಸ್ಸನ್ನು ಒಪ್ಪಿಸಿ ಮಾಡಬೇಕಾಯಿತೆಂದರೆ 1. ಯೋಚಿಸುವ ಮೊದಲೇ ಕಾಲು ಚಪ್ಪಲಿಯಲ್ಲಿತ್ತು ಎಂದರೆ 5. ಸತತ ಮೂರು ವಾರ 4 ಅಥವಾ 5 ಬಂದ ಸಾಲಿಗೆ ಇನ್ನು ಲೆಕ್ಕ ಬೇಕಿಲ್ಲ. ರೈಟ್‌ಗಳು ತುಂಬಿದ್ದರೂ ಸಂಖ್ಯೆ 2ರಲ್ಲೇ ನಿಂತಿದ್ದರೆ ಲೆಕ್ಕ ನಿಲ್ಲಿಸಿದ ವಾರವೇ ಅಭ್ಯಾಸವೂ ನಿಲ್ಲುತ್ತದೆ, ಅದಕ್ಕೆ ಇನ್ನೊಂದು ಹಾಳೆ ಬೇಕು.

ಯುಗಾದಿಯ ಹಿಂದಿನ ಸಂಜೆ ಹಾಳೆಗಳನ್ನು ಪಕ್ಕಪಕ್ಕ ಹರಡಿ ನೋಡಿ. ಅಳಿಸಬಹುದಾದ ಸಾಲು ಒಂದಿದ್ದರೂ ಅದರ ಜಾಗಕ್ಕೆ ಹೊಸದೊಂದನ್ನು ತನ್ನಿ, ಒಂದೇ ಒಂದು. ಉಳಿದ ಎರಡು ಹಾಗೇ ನಡೆಯಲಿ. ಹಳೆಯ ಹಾಳೆಗಳನ್ನು ರಟ್ಟಿನ ಹಿಂದೆಯೇ ಸಿಕ್ಕಿಸಿಡಿ. ಮಳೆಗಾಲ ಹಿಡಿದು ಬೆಳಗಿನ ನಡಿಗೆಗೆ ಹೊಸ ಗೂಟ ಹುಡುಕಬೇಕಾದಾಗ, ಜನವರಿಯಲ್ಲಿ ಯಾವ ಹೊತ್ತು ನಿಮಗೆ ಒಗ್ಗಿತ್ತು, ಯಾವುದು ಒಗ್ಗಲಿಲ್ಲ ಎಂಬುದು ಅದರಲ್ಲಿ ಬರೆದಿರುತ್ತದೆ.